ಗುಂಡಿ ಬಿದ್ದ ಹೆಸರು

ಖಂಡಿತ ಏ— ಅಷ್ಟೇ ಇತ್ತು, ಮಿಕ್ಕಿದ್ದು ಕಾಲರಿನ ತಿರುವಿನಲ್ಲಿ ಕತ್ತರಿಗೆ ಹೋಗಿತ್ತು, ಅಚ್ಚು ಕಾಗದದ ಅಂಚನ್ನು ಸವರಿಕೊಂಡು ಬರುತ್ತಿದ್ದ ಸೀಮೆಸುಣ್ಣ ಆ ಅಕ್ಷರದ ಮಗ್ಗುಲಲ್ಲಿ ನಿಂತುಬಿಟ್ಟಿತು, ನಿಲ್ಲಿಸಿದವಳು ಅವಳೇ, ಆದರೂ ಕೈ ತಾನಾಗಿ ನಿಂತ ಹಾಗಿತ್ತು, ಯಾರ ಅಕ್ಷರ ಇದು, ಅಯ್ಯೋ ಯಾರದ್ದೇನು, ತನ್ನದೇ, ಇಷ್ಟುದ್ದ ಬಾಲದ ಖ ಬರೆಯುವವರು ಈ ಬೀದಿಯಲ್ಲಿ ಇನ್ಯಾರಿದ್ದಾರೆ, ಒಂಬತ್ತು ವರ್ಷದಿಂದ ಈ ಕಾಗದವನ್ನು ಮೊಳೆಯಿಂದ ತೆಗೆದು ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಮತ್ತೆ ಮೊಳೆಗೆ ಸಿಕ್ಕಿಸುತ್ತ ಬಂದಿದ್ದಾಳೆ, ಹದಿನೈದೂವರೆ ಇಂಚಿನ ಕಾಲರು, ಅದರ ಮೇಲೆ ಏನು ಬರೆದಿದೆ ಅಂತ ಒಂದು ದಿನವಾದರೂ ಓದಿದ್ದಾಳೆಯೇ, ಕಾಲರಿನ ಕಾಗದ ಇರುವುದು ಓದುವುದಕ್ಕಾ— ಖಂಡಿತ ಏ, ಏರುತ್ತದೆ ಅಂತಲೇ ಇರಬೇಕು, ಇನ್ನೇನು ಬರೆದಿರುತ್ತಾಳೆ, ತಿರುಗಿಸಿದಳು, ಹಿಂದೆ ಇನ್ನೂ ನಾಲ್ಕು ಸಾಲು, ಮೂಲೆಯಲ್ಲಿ ತಾರೀಖು, ಬೀಗದ ಕಂಪನಿ, ಮನೆಗಳು ಹೆಚ್ಚುತ್ತಿವೆ, ಒಂದೊಂದು ಮನೆಗೆ ಐದಾದರೂ ಬೀಗ ಬೇಕು, ಆದ್ದರಿಂದ— ಆದ್ದರಿಂದ ಅಂದ ಮೇಲೆ ಕಾಲರಿನ ಮೂತಿ. ಬೀಗದ ಕಂಪನಿಯ ಷೇರು ತಾನು ಕೊಂಡಿದ್ದಳೇ? ಕೊಂಡಿದ್ದಳು, ಮುಳುಗಿತ್ತು, ಬಾಯಿಬಿಟ್ಟು ಯಾರಿಗೂ ಹೇಳಲಾಗದ ಹಾಗೆ ಮುಳುಗಿತ್ತು, ಆ ಹಾಳೆಯನ್ನು ಷೇರಿನ ನೋಟ್‌ಬುಕ್ಕಿನಿಂದ ಪರ್ರನೆ ಹರಿದಿದ್ದಳು, ಹರಿದದ್ದನ್ನು ಎಸೆಯುವುದೇಕೆ, ದಪ್ಪ ಕಾಗದ, ಕಾಲರಿಗೆ ಚೆನ್ನಾಗಿರುತ್ತದೆ ಅಂತ ಅವತ್ತೇ ಕತ್ತರಿಸಿದ್ದಳು. ದರ್ಜಿ ಅನ್ನಿಸಿಕೊಂಡವರು ಗಟ್ಟಿ ಕಾಗದವನ್ನು ಎಸೆಯುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ, ಹನ್ನೆರಡಕ್ಕೆ ತಂಗಿ ಬರುತ್ತಾಳೆ, ತಂಗಿ ಹನ್ನೆರಡು ಎಂದರೆ ಹನ್ನೆರಡೇ, ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ಪಾಳಿ ಮಾಡಿದವಳು, ಗಡಿಯಾರವೇ ಅವಳನ್ನು ನೋಡಿ ಮುಳ್ಳು ಸರಿಮಾಡಿಕೊಳ್ಳಬೇಕು, ಮೂವತ್ತೊಂದು ವರ್ಷ ರೋಗಿಗಳನ್ನು ಎತ್ತಿ ಹೊರಳಿಸಿ ಕೂರಿಸಿ ಕೊನೆಗೆ ಅವಳ ಬೆನ್ನೇ ಕೈಕೊಟ್ಟಿತು, ಇನ್ನು ಭಾರ ಎತ್ತಬಾರದು ಅಂದರು, ಎತ್ತದ ನರ್ಸು ಯಾರಿಗೆ ಬೇಕು, ಒಂದು ಚೆಕ್ಕು ಕೊಟ್ಟು ಮನೆಗೆ ಕಳಿಸಿದರು, ಮದುವೆ ಅಂತ ಆಗಲಿಲ್ಲ, ಬಾಡಿಗೆಯದ್ದೊಂದು ಕೋಣೆ, ಇನ್ನು ಇಪ್ಪತ್ತೋ ಮೂವತ್ತೋ ವರ್ಷದ ಊಟ ಔಷಧಿ ಬಾಡಿಗೆ ಎಲ್ಲವೂ ಆ ಒಂದು ಚೆಕ್ಕಿನೊಳಗೇ ಬರಬೇಕು, ನಿನ್ನೆ ಫೋನಿನಲ್ಲಿ ಅವಳ ಸ್ವರ ಹೇಗೆ ಕುಣಿಯುತ್ತಿತ್ತು, ಅಕ್ಕಾ, ಬಂತು ಕಣೇ, ಪೂರ್ತಿ ತಂದು ನಿನ್ನ ಕೈಗೆ ಹಾಕ್ತೀನಿ, ಯಾವ ಷೇರಿಗೆ ಬೇಕಾದ್ರೂ ಹಾಕು, ನನ್ನ ಕೇಳಲೂಬೇಡ, ನಿನ್ನ ಕೈಗುಣ ಅಂಥದ್ದು. ಕೈಗುಣ ಅಲ್ಲ ಅದು, ಓದ್ತೀನಿ, ವಿಚಾರಿಸ್ತೀನಿ, ತಲೆ ಉಪಯೋಗಿಸ್ತೀನಿ ಕಣೇ ಅಂತ ಇವಳು ರೇಗಿದರೆ, ಹೂಂ ಅದೇ ಅಂದಳು ತಂಗಿ, ಅದೇ ಅಲ್ಲ, ಅದೇ ಅಲ್ಲವೇ ಅಲ್ಲ, ಒಂಬತ್ತು ವರ್ಷದಿಂದ ಎಲ್ಲರಿಗೂ ಬಿಡಿಸಿ ಬಿಡಿಸಿ ಹೇಳುತ್ತಿರುವುದೇ ಅದನ್ನು, ಷೇರು ಅಂದರೆ ಜೂಜಲ್ಲ, ಬಟ್ಟೆ ಕೊಂಡ ಹಾಗೆ, ಎಳೆ ಹಿಡಿದು ನೋಡಬೇಕು, ಬೆಳಕಿಗೆ ಹಿಡಿದು ನೋಡಬೇಕು, ಬೀದಿಯವರು ಅವಳನ್ನು ಅಳತೆಯಮ್ಮ ಅನ್ನುವುದು ಬರೀ ಶರ್ಟಿನ ಅಳತೆಗಲ್ಲ, ಎದುರಿನ ಔಷಧಿ ಅಂಗಡಿಯಾತ ಗಿರಾಕಿಗಳ ಮುಂದೆಯೇ ಹೇಳುತ್ತಾನೆ, ಅಳತೆಯಮ್ಮ ಕೈಯಿಟ್ರೆ ಮುಗೀತು ಕಣ್ರೀ, ಕಂಪನಿಯವ್ರಿಗೇ ಗೊತ್ತಿರಲ್ಲ, ಇವ್ರಿಗೆ ಗೊತ್ತಿರುತ್ತೆ, ಆ ಮಾತು ಇನ್ನೊಂದು ಸಲ ಕೇಳಿಸಲಿ ಅಂತ ಬೇಡದ ತಲೆನೋವಿನ ಮಾತ್ರೆ ಕೊಂಡದ್ದೂ ಉಂಟು, ಸುಳ್ಳೇಕೆ. ತಂಗಿಯ ದುಡ್ಡಿಗೆ ಅಂತ ಮೂರು ಕಂಪನಿ ಆರಿಸಿಯೂ ಆಗಿದೆ, ಚೀಟಿ ಅಳತೆಪಟ್ಟಿಯ ಕೆಳಗೇ ಇದೆ, ಎರಡನೆಯದರ ಮುಂದೆ ಏನು ಬರೆದಿದ್ದಾಳೆ ಅಂದರೆ, ಖಂಡಿತ ಏರುತ್ತದೆ.

ಚೀಟಿ ಎಳೆದು ಕಾಲರಿನ ಕಾಗದದ ಪಕ್ಕದಲ್ಲಿಟ್ಟಳು, ಅದೇ ಖ, ಅದೇ ಬಾಲ, ಒಂಬತ್ತು ವರ್ಷದಲ್ಲಿ ಬಾಲ ಒಂದೆಳೆಯೂ ಗಿಡ್ಡವಾಗಿಲ್ಲ, ಹಾಗಾದರೆ ಬೀಗದ ಕಂಪನಿಯ ಮೇಲೂ ಅವತ್ತು ಇಷ್ಟೇ ಧೈರ್ಯ ಇತ್ತು, ಮುಳುಗುವುದನ್ನು ಬರೆದ ಕೈಯೂ ತೇಲುವುದನ್ನು ಬರೆದ ಕೈಯೂ ನೋಡುವುದಕ್ಕೆ ಒಂದೇ ಥರ, ಬಿಡು, ಬ್ಯಾಂಕಿನ ಗುಮಾಸ್ತನ ಶರ್ಟು ಸಂಜೆಗೆ ಕೊಡಬೇಕು, ನೀಲಿ ಗೆರೆಯ ಬಟ್ಟೆ, ಎರಡೂ ಭುಜಕ್ಕೆ ಗೆರೆ ಕೂಡಬೇಕು, ಕತ್ತರಿ ಎತ್ತಿದಳು, ಕೆಳಗಿಟ್ಟಳು, ಕತ್ತರಿಯ ವಿಷಯದಲ್ಲಿ ಮೋಸ ಇಲ್ಲ, ಸರಿಯಾಗಿ ಕತ್ತರಿಸಿದರೆ ಸರಿಯಾಗುತ್ತದೆ, ತಪ್ಪಿದರೆ ಬಟ್ಟೆ ಹಾಳು, ಕಣ್ಣುಮುಚ್ಚಿ ಕತ್ತರಿಸಿ ಭುಜಕ್ಕೆ ಗೆರೆ ಕೂಡಿದ ಶರ್ಟನ್ನು ಇವತ್ತಿನವರೆಗೆ ಯಾರೂ ಹೊಲಿದಿಲ್ಲ, ಷೇರಿನಲ್ಲಿ ಹಾಗಲ್ಲವಲ್ಲ, ಅಲ್ಲಿ ಕಣ್ಣುಮುಚ್ಚಿದವನ ಕತ್ತರಿಗೂ ಒಮ್ಮೊಮ್ಮೆ ಮೈಗೆ ಹೇಳಿಮಾಡಿಸಿದಂಥ ಕೋಟು ಬಂದುಬಿಡುತ್ತದೆ, ಹಾಕಿಕೊಂಡವನು ದರ್ಜಿಯನ್ನು ಹೊಗಳುತ್ತಾನೆ, ದರ್ಜಿ ಬೇಡ ಅನ್ನುತ್ತಾನೆಯೇ, ತಾನು ಯಾವ ದರ್ಜಿ? ಕಣ್ಣು ಬಿಟ್ಟವಳೋ, ಮುಚ್ಚಿದವಳೋ? ಅದೊಂದು ಗೊತ್ತಾಗಬೇಕು, ಹನ್ನೆರಡರೊಳಗೆ ಗೊತ್ತಾಗಬೇಕು, ಬೇರೆಯವರ ದುಡ್ಡಾಗಿದ್ದರೆ ನಾಳೆ ನೋಡೋಣ ಅನ್ನಬಹುದಿತ್ತು, ಇದು ಬೆನ್ನು ಮುರಿದುಕೊಂಡ ತಂಗಿಯದ್ದು, ಸ್ಟೂಲು ಎಳೆದು ಹತ್ತಿದಳು. ಏನೇ ಇದು, ಈ ವಯಸ್ಸಲ್ಲಿ ಹತ್ತೋದು ಗಿತ್ತೋದು, ಬಿದ್ರೆ ಹಿಡಿಯೋಕೆ ನನ್ನ ಮಂಡಿ ಏಳಲ್ಲ ಅಂತ ಮೂಲೆಯಿಂದ ಗಂಡನ ಧ್ವನಿ, ಟಾಕೀಸು ಮುಚ್ಚುವವರೆಗೆ ಅದರ ಬಾಗಿಲಲ್ಲಿ ನಿಂತು ಟಿಕೆಟು ಹರಿಯುತ್ತಿದ್ದವನು, ಆಮೇಲೆ ಅವಳ ಅಂಗಡಿಯಲ್ಲೇ ಕೂತು ಶರ್ಟುಗಳಿಗೆ ಗುಂಡಿ ಹಚ್ಚುವವನು, ಪ್ರತಿ ಗುಂಡಿಗೂ ಒಂದು ತಮಾಷೆ, ನೀವು ನಿಮ್ಮ ಗುಂಡಿ ನೋಡ್ಕೊಳ್ಳಿ ಅಂದಳು. ಮೊಳೆಯಲ್ಲಿದ್ದ ಅಚ್ಚು ಕಾಗದಗಳ ಕಟ್ಟನ್ನು ಪೂರ್ತಿ ಇಳಿಸಿಕೊಂಡಳು.

ತೋಳಿನ ಪಟ್ಟಿಯ ಮೇಲೆ ಟೈರಿನ ಕಂಪನಿ, ರಸ್ತೆಗಳು ಅಗಲವಾಗುತ್ತಿವೆ, ಹೌದು ಅಗಲವಾದವು, ಟೈರು ಮಾತ್ರ ಬೇರೆಯವರದ್ದು ಓಡಿತು, ಜೇಬಿನ ಮೇಲೆ ಸೋಪಿನ ಕಂಪನಿ, ಮಾಲೀಕ ಪ್ರಾಮಾಣಿಕ, ಮುಖ ನೋಡಿದರೇ ತಿಳಿಯುತ್ತದೆ— ಅಯ್ಯಯ್ಯೋ, ಮುಖ ನೋಡಿ ಬರೆದಿದ್ದಾಳಲ್ಲ, ಪೇಪರಿನಲ್ಲಿ ಬಂದ ಹೆಬ್ಬೆರಳಷ್ಟು ಫೋಟೋ, ಆ ಪ್ರಾಮಾಣಿಕ ಈಗ ಎಲ್ಲಿದ್ದಾನೋ ಪೊಲೀಸರಿಗೂ ಗೊತ್ತಿಲ್ಲ, ಮಕ್ಕಳ ಅಂಗಿಯ ಕಾಲರು, ಹೆಂಗಸರ ಕುತ್ತಿಗೆ, ಪ್ಯಾಂಟಿನ ಜೇಬಿನ ಬಾಯಿ, ಒಂದೊಂದರ ಮೇಲೂ ಅವಳದ್ದೇ ಅಕ್ಷರ, ಒಂದೊಂದರಲ್ಲೂ ಅರ್ಧ ಧೈರ್ಯ, ಮಿಕ್ಕರ್ಧ ಕತ್ತರಿ ತಿಂದದ್ದು, ಕೈಗೆ ಸಿಕ್ಕಿದ್ದು ಹನ್ನೊಂದು, ಎರಡೋ ಮೂರೋ ಸವೆದು ಕಸಕ್ಕೆ ಹೋಗಿರಬೇಕು, ಅದನ್ನೂ ಬಿಡುವುದಿಲ್ಲ, ಮೇಜಿನ ಖಾನೆಯಿಂದ ನೋಟ್‌ಬುಕ್ಕು ತೆಗೆದಳು, ಒಂದು ಷೇರಿಗೆ ಒಂದು ಹಾಳೆ, ಕೊಳ್ಳುವ ಮುಂಚೆಯೇ ಯಾಕೆ ಕೊಳ್ಳುತ್ತೇನೆ ಅಂತ ಬರೆಯಬೇಕು, ಇದು ಅವಳೇ ಮಾಡಿಕೊಂಡ ಕಟ್ಟುನಿಟ್ಟು, ಅದನ್ನು ಒಂದು ದಿನವೂ ತಪ್ಪಿಸಿಲ್ಲ, ಹರಿದದ್ದರ ಬುಡ ಹೊಲಿಗೆಯ ಹತ್ತಿರ ಹಲ್ಲಿನ ಹಾಗೆ ಉಳಿದಿರುತ್ತದೆ, ಉಗುರು ಹಾಕಿ ಒಂದೊಂದನ್ನೇ ಎಣಿಸಿದಳು, ಹದಿನಾಲ್ಕು. ಮತ್ತೆ ಎಣಿಸಿದಳು, ಹದಿನಾಲ್ಕೇ. ಒಂದೆರಡು ಕೈಕೊಟ್ಟಿರ್ಬಹುದು ಅಷ್ಟೇ ಅಂತ ಔಷಧಿ ಅಂಗಡಿಯಾತನಿಗೆ ಹೇಳಿದ್ದು ಇದೇ ಬಾಯಿ, ಅದೂ ಬೇಕೆಂದು ಹೇಳಿದ ಸುಳ್ಳಲ್ಲ, ಅದೇ ಸೋಜಿಗ, ಅವಳಿಗೆ ನಿಜವಾಗಿಯೂ ಒಂದೆರಡೇ ನೆನಪಿದ್ದದ್ದು, ಅಲ್ಲ ಮತ್ತೆ, ಶರ್ಟು ಹೊಲಿದಾದ ಮೇಲೆ ಶರ್ಟು ಹ್ಯಾಂಗರಿಗೆ, ಚಿಂದಿ ಚೀಲಕ್ಕೆ, ನಲವತ್ತು ವರ್ಷದ ರೂಢಿ, ಇಷ್ಟು ಚಿಂದಿ ಬಿತ್ತು ಅಂತ ಯಾವ ದರ್ಜಿ ನೆನಪಿಟ್ಟುಕೊಳ್ಳುತ್ತಾಳೆ, ಷೇರಿಗೂ ಅದೇ ರೂಢಿ ಹಿಡಿದುಬಿಟ್ಟಿದ್ದಾಳೆ, ಏರಿದ್ದು ನೋಟ್‌ಬುಕ್ಕಿನಲ್ಲಿ, ಬಿದ್ದದ್ದು ಮೊಳೆಗೆ. ನೋಟ್‌ಬುಕ್ಕು ಬಿಡಿಸಿದಾಗಲೆಲ್ಲ ಬರೀ ಹ್ಯಾಂಗರಿಗೆ ಹಾಕಿದ ಶರ್ಟುಗಳೇ ಕಾಣುತ್ತಿದ್ದವು.

ಆಗಲಿ, ಉಳಿದಿರುವುದು ಹತ್ತೊಂಬತ್ತು ಹಾಳೆ, ಹದಿನಾಲ್ಕಕ್ಕಿಂತ ಹತ್ತೊಂಬತ್ತು ದೊಡ್ಡದೇ ತಾನೇ, ಈಗಲೂ ಮರ್ಯಾದೆಗೇನೂ ಕುಂದಿಲ್ಲ, ಆದರೆ ಹಾಗೆ ಸುಲಭಕ್ಕೆ ಬಿಟ್ಟರೆ ಆಯಿತೇ, ಏರಿತು ಅಂದರೆ ಸಾಲದು, ತಾನು ಬರೆದ ಕಾರಣಕ್ಕೇ ಏರಿತೋ ಇಲ್ಲವೋ, ಓದು ಒಂದೊಂದನ್ನೂ, ಬಣ್ಣದ ಕಂಪನಿ, ಹೊಸ ಮನೆಗಳಿಗೆ ಬಣ್ಣ ಬೇಕು ಅಂತ ಬರೆದಿದ್ದಾಳೆ, ಅದು ಏರಿದ್ದು ಇನ್ನೊಂದು ದೊಡ್ಡ ಕಂಪನಿ ಅದನ್ನು ನುಂಗಿದಾಗ, ಕಾಗದದ ಕಂಪನಿ, ಶಾಲೆಗಳು ಹೆಚ್ಚುತ್ತಿವೆ, ಅದು ಏರಿದ್ದು ಅವರ ಕಾರ್ಖಾನೆಯ ಜಾಗಕ್ಕೆ ಬೆಲೆ ಬಂದದ್ದಕ್ಕೆ, ಕಾಗದ ಇವತ್ತಿಗೂ ನಷ್ಟದಲ್ಲೇ ಇದೆ, ಛತ್ರಿಯ ಕಂಪನಿ— ನಗು ಬಂತು, ಜೋರು ಮಳೆಗಾಲ ಬರಲಿದೆ ಅಂತ ಬರೆದಿದ್ದಾಳೆ, ಆ ವರ್ಷ ಉರಿಬಿಸಿಲು, ಜನ ಬಿಸಿಲಿಗೇ ಛತ್ರಿ ಕೊಂಡರು, ಬಿಸಿಲಿಗೆ! ಅವತ್ತು ಮಾತ್ರ ನೋಡಿದ್ರಾ ಛತ್ರಿ ಅಂದಿದ್ನೋ ಇಲ್ವೋ ಅಂತ ಬೀದಿಯಲ್ಲೆಲ್ಲ ಎದೆ ಉಬ್ಬಿಸಿಕೊಂಡು ಓಡಾಡಿದ್ದಾಳೆ, ಹೆಸರುಗಳನ್ನು ಚೀಟಿಗಳಲ್ಲಿ ಗೀಚಿ ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದಳು, ಬರೆದ ಕಾರಣಕ್ಕೆ ಏರಿದ್ದು, ಬೇರೆ ಯಾವುದೋ ಕಾರಣಕ್ಕೆ ಏರಿದ್ದು, ಎರಡನೆಯ ಗುಡ್ಡೆ ಬೆಳೆಯುತ್ತಲೇ ಹೋಯಿತು, ಮೊದಲನೆಯದರಲ್ಲಿ ಕೊನೆಗೆ ನಿಂತದ್ದು ಐದು. ಐದೇ ಐದು. ಆದರೆ ಆ ಐದರಲ್ಲಿ ಸೂಜಿಯ ಕಂಪನಿ ಇದೆ, ಸೂಜಿಯೊಂದು ಸಾಕು, ಸೂಜಿ ಎಲ್ಲದರ ಬಾಯಿ ಮುಚ್ಚಿಸುತ್ತದೆ, ಒಂದಕ್ಕೆ ಇಪ್ಪತ್ತರಷ್ಟಾಗಿ ಈ ಅಂಗಡಿಯ ಮೇಲೊಂದು ಕೋಣೆ ಎಬ್ಬಿಸಿಕೊಟ್ಟ ಸೂಜಿ, ಆ ಕತೆಯನ್ನು ಎಷ್ಟು ಸಲ ಹೇಳಿದ್ದಾಳೋ, ನೂಲಿನ ಅಂಗಡಿಗೆ ಹೋಗಿದ್ದೆ ಕಣ್ರೀ, ಮೂರು ಥರದ ಸೂಜಿ ಪೊಟ್ಟಣ ಇಟ್ಟಿದ್ದ, ನನ್ನ ಕೈ ಸೀದಾ ಅದಕ್ಕೇ ಹೋಯ್ತು, ತಂದು ಮಷಿನ್ನಿಗೆ ಹಾಕಿದ್ರೆ ದಪ್ಪ ಬಟ್ಟೆ ಮೇಲೂ ಮುರೀಲಿಲ್ಲ, ಆಗ್ಲೇ ಅಂದ್ಕೊಂಡೆ, ಇದನ್ನ ಮಾಡೋರು ಯಾರು ನೋಡ್ಬೇಕು ಅಂತ, ಅದಕ್ಕೇ ಅನುಭವ ಅನ್ನೋದು, ಕೈಗೇ ಗೊತ್ತಿರುತ್ತೆ. ನೋಟ್‌ಬುಕ್ಕಿನಲ್ಲಿ ಸೂಜಿಯ ಹಾಳೆಯನ್ನು ಬಿಡಿಸಿ ಅಂಗೈಯಿಂದ ಸವರಿದಳು.

ಸರಿ, ಐದು, ಅದರಲ್ಲೊಂದು ಸೂಜಿ, ಆದರೆ ಬರೀ ಅದೃಷ್ಟ ಅಂದರೆ ಎಷ್ಟು, ಅದಕ್ಕೂ ಒಂದು ಅಳತೆಪಟ್ಟಿ ಬೇಕಲ್ಲ, ಯಾವುದರ ಪಕ್ಕದಲ್ಲಿಟ್ಟು ಇದು ಉದ್ದ ಇದು ಗಿಡ್ಡ ಅನ್ನುವುದು— ಟಕ್ ಅಂತ ಮೂಲೆಯಲ್ಲಿ ಏನೋ ಬಿತ್ತು, ಗಂಡನ ಕೈಯಿಂದ ಜಾರಿದ ಗುಂಡಿ, ಅಂಚಿನ ಮೇಲೆ ಉರುಳಿಕೊಂಡು ಮಷಿನ್ನಿನ ಕಾಲಿನವರೆಗೆ ಬಂತು, ಗುಂಡಿ! ಅಲ್ಲವೇ ಮತ್ತೆ, ಈ ಮನುಷ್ಯ ಒಂದು ಆಟ ಆಡುತ್ತಿದ್ದನಲ್ಲ, ಮೊದಮೊದಲು ಅವಳು ವಾರಗಟ್ಟಲೆ ಓದಿ ಹೊಸ ಹಾಳೆ ಬರೆದ ದಿನ ಅವನು ಪೇಪರಿನ ಷೇರುಪೇಟೆ ಪುಟವನ್ನು ಮೇಜಿನ ಮೇಲೆ ಹರಡುವನು, ಕೋಟಿಗೆ ಹಾಕುವ ಕಂದು ಬಣ್ಣದ ದೊಡ್ಡ ಗುಂಡಿ, ಅಂಚು ಒಂದು ಕಡೆ ಚಕ್ಕೆ ಎದ್ದದ್ದು, ಅದನ್ನು ಕಣ್ಣುಮುಚ್ಚಿ ಬೀಳಿಸುವನು, ಅದು ಉರುಳಿ ಉರುಳಿ ಮಲಗಿದ ಮೇಲೆ ನಾಲ್ಕು ತೂತಿನಲ್ಲಿ ಬಗ್ಗಿ ನೋಡಿ ಯಾವ ಹೆಸರು ಕಂಡರೆ ಅದು, ನಿಂದು ಒಂದು ವಾರ, ನಂದು ಒಂದು ನಿಮಿಷ, ನೋಡೋಣ ಯಾರು ಗೆಲ್ತಾರೆ ಅನ್ನುವನು, ಷೇರು ಕೊಳ್ಳುತ್ತಿರಲಿಲ್ಲ, ಗುಂಡಿ ಹೊಲಿದು ಬರುವ ಖಾಲಿ ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ತಾರೀಖು, ಹೆಸರು, ಅವತ್ತಿನ ಬೆಲೆ ಬರೆದಿಡುವನು, ಅವಳು ಹುಚ್ಚಪ್ಪ ಅನ್ನುವಳು. ರೀ, ಆ ರಟ್ಟುಗಳೆಲ್ಲ ಎಲ್ಲಿ? ಯಾವ ರಟ್ಟು? ನಿಮ್ಮ ಗುಂಡಿ ಆಟದ್ದು. ಓ ಅದಾ, ಅವನು ಹಲ್ಲು ಕಿರಿದ, ಡಬ್ಬಿ ತಳದಲ್ಲಿರ್ಬೇಕು, ಈಗ್ಯಾಕೆ ನೆನಪಾಯ್ತು? ಕೊಡಿ ಇಲ್ಲಿ. ಡಬ್ಬಿಯನ್ನು ಬಟ್ಟೆಯ ಮೇಲೆಯೇ ಬೋರಲು ಹಾಕಿದಳು, ಗುಂಡಿಗಳೆಲ್ಲ ನೀಲಿ ಗೆರೆಯ ಮೇಲೆ ಚೆಲ್ಲಾಡಿದವು, ತಳದಿಂದ ದಾರ ಕಟ್ಟಿದ ರಟ್ಟುಗಳು, ಇಪ್ಪತ್ತೆರಡು. ಫೋನು ತೆಗೆದು ಒಂದೊಂದು ಹೆಸರನ್ನೂ ಒತ್ತಿ ನೋಡಿದಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದು ಬೆಲೆಯನ್ನು ಮಾತ್ರ, ಹೆಸರು ಬೆರಳಿನಿಂದ ಫೋನಿಗೆ ಹೋಯಿತೇ ಹೊರತು ತಲೆಗೆ ಹೋಗಲಿಲ್ಲ, ಏರಿದ್ದು ಈ ಕಡೆ, ಇಳಿದದ್ದು ಆ ಕಡೆ, ಹತ್ತೂಮುಕ್ಕಾಲು, ಹನ್ನೊಂದು, ಟೀ ಆರಿ ಕೆನೆ ಕಟ್ಟಿತು, ಇಪ್ಪತ್ತೆರಡರಲ್ಲಿ ಹದಿಮೂರು ಏರಿದ್ದವು. ಅವಳದ್ದು ಮೂವತ್ತಮೂರರಲ್ಲಿ ಹತ್ತೊಂಬತ್ತು. ಭಾಗಿಸಿ ನೋಡಿದರೆ ಎರಡೂ ಅರ್ಧಕ್ಕಿಂತ ಒಂದಿಷ್ಟು ಮೇಲೆ, ಪಟ್ಟಿ ಹಿಡಿದು ಕಟ್ಟುನಿಟ್ಟಾಗಿ ಅಳೆದರೆ ಗುಂಡಿಯದ್ದೇ ಒಂದೆಳೆ ಉದ್ದ.

ಇರಲಿ, ಇರಲಿ, ಸೂಜಿ ಇದೆಯಲ್ಲ, ಅವನ ಹದಿಮೂರರಲ್ಲಿ ಒಂದಕ್ಕೆ ಇಪ್ಪತ್ತಾದದ್ದು ಯಾವುದಿದೆ ತೋರಿಸಲಿ, ರಟ್ಟುಗಳನ್ನು ಮತ್ತೆ ಸರಸರ ತಿರುವಿದಳು, ತಿರುವುತ್ತಿದ್ದ ಬೆರಳು ನಿಂತಿತು, ಬೆಳಿಗ್ಗೆ ಸೀಮೆಸುಣ್ಣ ನಿಂತ ಹಾಗೆಯೇ ನಿಂತಿತು, ಸೂಜಿಯ ಕಂಪನಿಯ ಹೆಸರು. ಗಂಡನ ಅಕ್ಷರ. ತಾರೀಖು— ಇದು ಅವಳು ಕೊಂಡ ಮೇಲೆ ಇವನು ಬರೆದಿಟ್ಟದ್ದಿರಬೇಕು, ಚೇಷ್ಟೆಗೆ, ನೋಟ್‌ಬುಕ್ಕಿನಲ್ಲಿ ಸೂಜಿಯ ಹಾಳೆಯ ತಾರೀಖು ನೋಡಿದಳು, ರಟ್ಟಿನದ್ದು ಅದಕ್ಕಿಂತ ಹನ್ನೆರಡು ದಿನ ಹಿಂದಿನದು, ಹನ್ನೆರಡು ದಿನ ಹಿಂದೆ ಯಾವ ಹಾಳೆ ಬರೆದಿದ್ದಳು, ಕೈ ತಾನಾಗಿ ಕಾಲರಿನ ಕಾಗದಕ್ಕೆ ಹೋಯಿತು, ಮೂಲೆಯಲ್ಲಿ ಅದೇ ತಾರೀಖು, ಬೀಗದ ದಿನ, ಖಂಡಿತ ಏ, ಒಂದು ವಾರ ಓದಿ ಅವಳು ಬೀಗ ಅಂದ ದಿನ ಒಂದು ನಿಮಿಷದಲ್ಲಿ ಗುಂಡಿ ಸೂಜಿ ಅಂದಿದೆ, ಈಗ ಎಲ್ಲ ನೆನಪಾಗುತ್ತಿದೆ, ಬೇಡವೆಂದರೂ ಆಗುತ್ತಿದೆ, ಅವತ್ತು ಗುಂಡಿ ತುಂಬ ಹೊತ್ತು ಉರುಳಿತ್ತು, ಚಕ್ಕೆ ಎದ್ದ ಅಂಚು ತಾಗಿದಾಗಲೆಲ್ಲ ಒಂದು ಸಣ್ಣ ಕುಪ್ಪಳ, ಮಲಗಪ್ಪಾ ಸಾಕು ಅಂತ ಅವಳು ನಗುತ್ತಿದ್ದಳು, ಮಲಗಿತು, ಅವನು ಬಗ್ಗಿ ಹೆಸರು ಓದಿದ, ಯಾವ್ದ್ರೀ ಅದು ಹೆಸರೇ ಕೇಳಿಲ್ಲ, ಓದೋಕೇ ನಾಲಿಗೆ ಹೊರಳಲ್ಲ ಅಂದಿದ್ದಳು, ಹೊರಳದ ಹೆಸರನ್ನು ಇಬ್ಬರೂ ಮೂರು ಸಲ ಹೇಳಿ ನಕ್ಕಿದ್ದರು, ಹನ್ನೆರಡು ದಿನದ ಮೇಲೆ ನೂಲಿನ ಅಂಗಡಿ, ಮೂರು ಪೊಟ್ಟಣ, ಅವಳ ಕೈ ಸೀದಾ— ಸೀದಾ ಹೋಗದೆ ಇನ್ನೇನು, ಮೂರರಲ್ಲಿ ಅವಳು ಮುಂಚೆ ಕೇಳಿದ್ದ ಹೆಸರು ಅದೊಂದೇ. ಕೈಗೆ ಗೊತ್ತಿತ್ತಂತೆ! ರೀ, ಸೂಜಿ ಷೇರು ನಿಮ್ಮ ಗುಂಡಿ ಹೇಳಿದ್ದು ಅಂತ ನಿಮಗೆ ಗೊತ್ತಿತ್ತಾ? ಅವನು ದಾರ ಕಚ್ಚಿ ಕಡಿದ, ಗೊತ್ತಿತ್ತು. ಮತ್ತೆ ಒಂಬತ್ತು ವರ್ಷ ಬಾಯಿ ಯಾಕೆ ಬಿಡ್ಲಿಲ್ಲ? ಆ ಕತೆ ಹೇಳೋವಾಗ ನಿನ್ನ ಮುಖ ನೀನು ನೋಡಿಲ್ಲ ಕಣೇ, ಎಷ್ಟು ಚೆನ್ನಾಗಿ ಕಾಣ್ತಿದ್ದೆ, ನಡುವೆ ನಾನ್ಯಾಕೆ ಬಾಯಿ ಹಾಕ್ಲಿ. ಕಣ್ಣು ತುಂಬಿ ಬಂತು, ಸಿಟ್ಟಿಗೋ ಪ್ರೀತಿಗೋ ನಾಚಿಕೆಗೋ ಯಾವುದಕ್ಕೆ ಅಂತ ವಿಚಾರಿಸಲು ಹೋಗಲಿಲ್ಲ, ಗಡಿಯಾರದಲ್ಲಿ ಹನ್ನೊಂದೂ ನಲವತ್ತಾಗಿತ್ತು.

ರಟ್ಟು ಇಷ್ಟೇ ಇಷ್ಟು, ಎರಡು ಬೆರಳಿನ ಅಗಲ, ಡಬ್ಬಿಯ ತಳಕ್ಕೆ ಹೋದರೆ ಮುಗಿಯಿತು, ಕಾಗದಗಳು ಮೊಳೆಗೆ, ನೋಟ್‌ಬುಕ್ಕು ಖಾನೆಗೆ, ಯಾರೂ ಕೇಳುವುದಿಲ್ಲ, ತಂಗಿಯಂತೂ ಕೇಳುವುದೇ ಇಲ್ಲ, ಆ ಮೂರು ಕಂಪನಿ ಏರಿದರೂ ಏರಬಹುದು, ಅರ್ಧಕ್ಕಿಂತ ಒಂದಿಷ್ಟು ಮೇಲೆ, ಏರಿದರೆ ತಂಗಿ ಸುಖವಾಗಿರುತ್ತಾಳೆ, ಅಳತೆಯಮ್ಮ ಅಳತೆಯಮ್ಮನಾಗಿಯೇ ಇರುತ್ತಾಳೆ, ಏರದಿದ್ದರೆ? ಏರದಿದ್ದರೆ ಆ ಹಾಳೆಯಿಂದ ಏನು ಕತ್ತರಿಸುತ್ತೀಯ ಅಮ್ಮಣ್ಣಿ, ಕಾಲರೋ, ಜೇಬೋ? ದಿನಾ ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆಯುತ್ತೀಯಾ? ಇಲ್ಲ. ಆಗುವುದಿಲ್ಲ. ಹೊಲಿದು ಹೊಲಿದು ಬೆನ್ನು ಬಾಗಿದರೂ ಇದಕ್ಕೆ ಮನಸ್ಸು ಬಾಗುವುದಿಲ್ಲ, ಹನ್ನೊಂದು ಕಾಗದವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದಳು, ಶರ್ಟಿನ ತುಂಡುಗಳಿದ್ದ ಹಾಗೆ, ಕಾಲರು ಮೇಲೆ, ತೋಳು ಪಕ್ಕಕ್ಕೆ, ಜೇಬು ಎದೆಯ ಜಾಗದಲ್ಲಿ, ಅದರ ಪಕ್ಕದಲ್ಲಿ ನೋಟ್‌ಬುಕ್ಕು, ಬುಡದ ಹಲ್ಲುಗಳು ಕಾಣುವ ಹಾಗೆ ಬಿಡಿಸಿ, ಅದರ ಪಕ್ಕದಲ್ಲಿ ಸೂಜಿಯ ರಟ್ಟು. ಅಲ್ಲ ಕಣೇ, ಅವಳು ಖುಷಿಯಾಗಿ ಬರ್ತಿದಾಳೆ, ಇವತ್ತೇ ಹೇಳ್ಬೇಕಾ ಅಂದ ಗಂಡ, ಸ್ವಲ್ಪ ಸಣ್ಣ ದನಿಯಲ್ಲಿ. ಇವತ್ತೇ. ನಾಳೆ ಅಂದ್ರೆ ನಾಳೆಯೊಳಗೆ ನಾನೇ ಇನ್ನೊಂದು ಕತೆ ಕಟ್ಕೊಂಡಿರ್ತೀನಿ ಅಂದಳು. ಗಡಿಯಾರ ಹನ್ನೆರಡು ಹೊಡೆಯುವುದಕ್ಕೂ ಬಾಗಿಲಲ್ಲಿ ಚಪ್ಪಲಿಯ ಸದ್ದಾಗುವುದಕ್ಕೂ ಸರಿಹೋಯಿತು.

ಅಕ್ಕಾ, ಎಲ್ಲಿ ಸಹಿ ಹಾಕ್ಬೇಕು ಹೇಳು, ಪೆನ್ನೂ ತಂದಿದೀನಿ ಅನ್ನುತ್ತಲೇ ತಂಗಿ ಒಳಗೆ ಬಂದಳು, ಸೊಂಟಕ್ಕೆ ಪಟ್ಟಿ ಬಿಗಿದು, ಒಂದು ಕೈ ಬೆನ್ನಿಗೆ ಕೊಟ್ಟು, ಇನ್ನೊಂದರಲ್ಲಿ ಚೀಲ ಎದೆಗವುಚಿಕೊಂಡು, ಕೂತ್ಕೋ ಅಂದಳು ಇವಳು, ಕೂತವಳಿಗೆ ಎಲ್ಲವನ್ನೂ ಹೇಳಿದಳು, ಬೀಗ, ಟೈರು, ಪ್ರಾಮಾಣಿಕನ ಮುಖ, ಬಿಸಿಲಿನ ಛತ್ರಿ, ಹದಿನಾಲ್ಕು ಬುಡ, ಕೊನೆಗೆ ಸೂಜಿ, ಸೂಜಿಯನ್ನು ಹೇಳುವಾಗ ರಟ್ಟನ್ನು ತಂಗಿಯ ಮುಂದೆ ಸರಿಸಿದಳು, ನಿನ್ನ ದುಡ್ಡು ನಾನು ಮುಟ್ಟಲ್ಲ ಕಣೇ, ನಂಗೆ ಗೊತ್ತಿದೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ, ಗೊತ್ತಿಲ್ಲ, ಬ್ಯಾಂಕಲ್ಲಿಡು. ತಂಗಿಯ ಮುಖ ಇಳಿಯಿತು, ಬ್ಯಾಂಕಲ್ಲಾ? ಆ ಬಡ್ಡೀಲಿ ಬಾಡಿಗೆ ಕಟ್ಟಿದ್ರೆ ಔಷಧಿಗಿಲ್ಲ, ಔಷಧಿ ತಗೊಂಡ್ರೆ ಬಾಡಿಗೆಗಿಲ್ಲ ಅಕ್ಕಾ, ನಾನು ಲೆಕ್ಕ ಹಾಕ್ದೇ ಬಂದಿದೀನಾ? ಬಾಡಿಗೆ ಬೇಡ, ಮೇಲಿನ ಕೋಣೆ ಖಾಲಿ ಇದೆ, ಬಂದಿರು ಅಂದಳು ಇವಳು, ಅದು ನಾನು ಗಳಿಸಿದ ಕೋಣೆ ಅಂತ ಬೀಗ್ತಿದ್ದೆ, ಬಿದ್ದು ಸಿಕ್ಕಿದ್ದು, ಬಿದ್ದು ಸಿಕ್ಕಿದ್ರಲ್ಲಿ ನಿಂಗೂ ಪಾಲಿದೆ. ಮೂವತ್ತೊಂದು ವರ್ಷ ಯಾರ ಹಂಗಿಲ್ದೆ ಬದುಕಿದೋಳು ನಾನು, ಈಗ ಅಕ್ಕನ ಅಟ್ಟ ಹತ್ಲಾ ಅಂದಳು ತಂಗಿ, ಕಣ್ಣಲ್ಲಿ ನೀರು, ಸಿಟ್ಟೂ ಇತ್ತು, ಮೇಜಿನ ಮೇಲಿನ ರಟ್ಟನ್ನು ನೋಡಿದಳು, ಚೆಲ್ಲಾಡಿದ ಗುಂಡಿಗಳನ್ನು ನೋಡಿದಳು, ಅವಳ ಮುಖದಲ್ಲಿ ಏನೋ ಹೊಳೆದಂತಾಯಿತು, ಭಾವಾ, ಆ ಸೂಜಿಯ ಗುಂಡಿ ಈಗ್ಲೂ ಇದೆಯಾ? ಭಾವ ಉತ್ತರ ಕೊಡುವುದರೊಳಗೆ ಅವಳ ಕೈಗೆ ಅದು ಸಿಕ್ಕಿಯೇಬಿಟ್ಟಿತ್ತು, ಕಂದು ಬಣ್ಣದ್ದು, ಅಂಚು ಚಕ್ಕೆ ಎದ್ದದ್ದು, ನಿಂಗೆ ಗೊತ್ತಿಲ್ದೇ ಇದ್ರೆ ಬೇಡ ಬಿಡು ಅಕ್ಕಾ, ಇದಕ್ಕೆ ಗೊತ್ತಿದೆಯಲ್ಲ, ಇದನ್ನೇ ಕೇಳೋಣ— ಇವತ್ತಿನ ಪೇಪರು ಅಲ್ಲೇ ಇತ್ತು, ಷೇರುಪೇಟೆಯ ಪುಟ ಮೇಲಾಗಿಯೇ ಇತ್ತು, ಗುಂಡಿ ಬಿತ್ತು.

ಬಿತ್ತು, ಬಿದ್ದು ಅಂಚಿನ ಮೇಲೆ ನಿಂತಿತು, ಉರುಳಿತು, ಸಣ್ಣ ಅಕ್ಷರದ ಸಾಲುಗಳ ಮೇಲೆ ದೊಡ್ಡ ಸುತ್ತು, ಆಮೇಲೆ ಚಿಕ್ಕ ಸುತ್ತು, ಚಕ್ಕೆ ಎದ್ದ ಕಡೆ ಕುಪ್ಪಳ, ಮೂವರೂ ಬಗ್ಗಿದ್ದರು, ಮೂವರೂ ಉಸಿರು ಹಿಡಿದಿದ್ದರು, ಅವಳೂ, ನಾಚಿಕೆಯಿಲ್ಲದ ಕಣ್ಣು, ಇಷ್ಟೆಲ್ಲ ಆದ ಮೇಲೂ ಅದರ ಹಿಂದೆಯೇ ಓಡುತ್ತಿದೆ, ಯಾವ ಸಾಲು, ಯಾವ ಹೆಸರು, ಒಂದು ಸಲ ಕಂಡುಬಿಟ್ಟರೆ ಸಾಕು, ಹನ್ನೆರಡು ದಿನ ಸಾಕು, ಯಾವುದೋ ಅಂಗಡಿಯಲ್ಲಿ ಕೈ ಸೀದಾ ಅದಕ್ಕೇ ಹೋಗುತ್ತದೆ, ಕಾರಣ ತಾನಾಗಿ ಹುಟ್ಟುತ್ತದೆ, ಕಾರಣ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಆ ಖ ಬರುತ್ತದೆ, ಬಾಲ ಬರುತ್ತದೆ— ಗುಂಡಿ ವಾಲಿತು, ಇನ್ನೇನು ಮಲಗಬೇಕು, ಅವಳ ಅಂಗೈ ಅದರ ಮೇಲೆ ಪಟ್ಟನೆ ಬಿತ್ತು. ಅಕ್ಕಾ, ಕೈ ತೆಗಿ. ಇಲ್ಲ. ನೋಡೋದಷ್ಟೇ ಅಕ್ಕಾ, ನೋಡಿದ್ರೆ ಏನಾಗುತ್ತೆ? ನೋಡಿದ್ರೇ ಆಗೋದು ಕಣೇ, ಮೇಲೆ ಹೋಗಿ ಕೋಣೆ ನೋಡ್ಕೊಂಡು ಬಾ, ಕಿಟಕಿ ಪೂರ್ವಕ್ಕಿದೆ. ತಂಗಿ ಕದಲಲಿಲ್ಲ, ಗಂಡ ಕೆಮ್ಮಿದ, ಹೊರಗೆ ಯಾರೋ ಶರ್ಟು ಆಯ್ತಾ ಅಂತ ಕೇಳಿದರು, ಅಂಗೈ ಬೆವರುತ್ತಿತ್ತು, ಅಂಗೈಯ ಕೆಳಗೆ ಗುಂಡಿ ತಣ್ಣಗಿತ್ತು, ಗುಂಡಿಗೆ ನಾಲ್ಕು ತೂತು, ತೂತಿನ ಕೆಳಗೆ ಒಂದು ಹೆಸರು, ಅವಳು ಕೈ ತೆಗೆಯಲಿಲ್ಲ, ನಾಲ್ಕು ತೂತು, ಕೆಳಗೆ ಒಂದು ಹೆಸರು, ತೆಗೆಯಲಿಲ್ಲ, ನಾಲ್ಕು ತೂತು—